ಸಿಲಿಂಡರ್ ಗ್ಯಾಸ್, ಪೈಪ್ ಗ್ಯಾಸ್, ಚಿಮಣಿ ಎಣ್ಣೆ ಎಲ್ಲಾ ಹೈಡ್ರೋಕಾರ್ಬನ್ ಅಂದ್ರೆ, ಫರಕು ಎಲ್ಲಿದೆ?

ನವನಗರದ ಅಮ್ಮ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಮಗಳು ಫಸ್ಟ್ ಪಿಯುಸಿ ಸೈನ್ಸ್ ಸೇರಿದ್ದಾಳೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಹೈಡ್ರೋಕಾರ್ಬನ್ ಪಾಠ ನಡೆದಿದೆ. ಮೀಥೇನ್, ಈಥೇನ್, ಪ್ರೋಪೇನ್, ಬ್ಯೂಟೇನ್ ಅಂತ ಹೆಸರೆಲ್ಲಾ ಬಾಯಿಪಾಠ ಆಗಿವೆ. ಆದ್ರೆ ಹೈಡ್ರೋಕಾರ್ಬನ್ ಅಂದ್ರೆ ಏನು ಅಂತ ಕೇಳಿದ್ರೆ ಪುಸ್ತಕದ ಒಂದು ಸಾಲು ಒಪ್ಪಿಸಿ ಸುಮ್ನಾಗ್ತಾಳೆ.

ಇದೇ ಹೊತ್ತಿಗೆ ನಮ್ಮ ಓಣಿಗೆ ಪೈಪ್ ಗ್ಯಾಸ್ ಬಂತು. ಕನೆಕ್ಷನ್ ಕೊಡೋಕೆ ಬಂದವರು ಶೆಗಡಿ ಒಳಗಿನ ಪುಟ್ಟ ಹಿತ್ತಾಳೆ ಜೆಟ್ ಬಿಚ್ಚಿ ಬೇರೆ ಹಾಕಿದರು. "ಹಳೇದು ಯಾಕೆ ನಡೆಯಲ್ಲ, ಎರಡೂ ಗ್ಯಾಸೇ ಅಲ್ವಾ?" ಅಂತ ಮಗಳು ಕೇಳಿದಳು. "ಇದು ಬೇರೆ ಗ್ಯಾಸ್ ಬಾ" ಅಂದು ಕೆಲಸ ಮುಗಿಸಿ ಹೋದರು. ಪುಸ್ತಕ ತೆಗೆದು ನೋಡಿದ್ರೆ ಎರಡೂ ಹೈಡ್ರೋಕಾರ್ಬನ್. ಚಿಮಣಿ ಎಣ್ಣೆಯೂ ಅದೇ, ಪೆಟ್ರೋಲೂ ಅದೇ, ಮೇಣದಬತ್ತಿಯೂ ಅದೇ. ಎಲ್ಲಾ ಒಂದೇ ಅಂದ ಮೇಲೆ ಫರಕು ಎಲ್ಲಿಂದ ಬಂತು? ಶೇಂಗಾ ಎಣ್ಣೆಯೂ ಇದರಲ್ಲೇ ಬರುತ್ತಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಮಗಳೂ ಪಕ್ಕದಲ್ಲೇ ಕೂತು ಓದ್ತಾಳೆ.

ನಿವೃತ್ತ ಮಾಸ್ತರ್, ಧಾರವಾಡ

ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಜೆಟ್‌ನಿಂದಲೇ ಈ ಪಾಠ ಶುರು ಮಾಡಬಹುದು.

ಹೈಡ್ರೋಕಾರ್ಬನ್ ಅಂದ್ರೆ ಕಾರ್ಬನ್ ಮತ್ತು ಹೈಡ್ರೋಜನ್ ಎರಡೇ ಇರುವ ವಸ್ತು. ಮೂರನೆಯದರ ಒಂದು ಪರಮಾಣುವೂ ಇರಬಾರದು. ಈ "ಎರಡೇ" ಅನ್ನೋದನ್ನ ಮಕ್ಕಳು ಓದಿ ದಾಟಿಬಿಡ್ತಾರೆ. ಇಡೀ ಪಾಠ ನಿಂತಿರೋದು ಅದರ ಮೇಲೆ. ಇರೋದೇ ಎರಡು ಅಂದ ಮೇಲೆ ಫರಕು ಬರೋಕೂ ದಾರಿ ಎರಡೇ. ಕಾರ್ಬನ್ ಎಷ್ಟಿವೆ, ಮತ್ತು ಅವು ಹೇಗೆ ಜೋಡಿಸಿಕೊಂಡಿವೆ.

ಕಾರ್ಬನ್‌ಗೆ ನಾಲ್ಕು ಕೈ, ಹೈಡ್ರೋಜನ್‌ಗೆ ಒಂದೇ ಕೈ ಅಂದುಕೊಳ್ಳಿ. ಯಾವ ಕೈಯೂ ಖಾಲಿ ಇರಬಾರದು. ಒಂದೇ ಕಾರ್ಬನ್ ಇದ್ದರೆ ನಾಲ್ಕು ಹೈಡ್ರೋಜನ್ ಹಿಡಿಯುತ್ತೆ, ಅದು ಮೀಥೇನ್. ಎರಡು ಕಾರ್ಬನ್ ಒಂದಕ್ಕೊಂದು ಒಂದು ಕೈ ಕೊಟ್ಟರೆ ಉಳಿಯೋದು ಆರು, ಅದು ಈಥೇನ್. ಮೂರು ಕಾರ್ಬನ್‌ಗೆ ಎಂಟು ಹೈಡ್ರೋಜನ್, ಪ್ರೋಪೇನ್. ನಾಲ್ಕಕ್ಕೆ ಹತ್ತು, ಬ್ಯೂಟೇನ್. ಕಾರ್ಬನ್ ಸಂಖ್ಯೆಯನ್ನ ಎರಡರಿಂದ ಗುಣಿಸಿ ಎರಡು ಕೂಡಿಸಿ, ಹೈಡ್ರೋಜನ್ ಸಿಗುತ್ತೆ. ಸೂತ್ರ ಬಾಯಿಪಾಠ ಮಾಡೋ ಬದಲು ನಾಲ್ಕು ಚಿತ್ರ ಬರೆದು ನೋಡಲಿ, ತಾನೇ ಕಂಡುಕೊಳ್ತಾಳೆ.

ಈಗ ಕುದಿಯುವ ಬಿಂದು ನೋಡಿ. ಮೀಥೇನ್ ಮೈನಸ್ 161 ಡಿಗ್ರಿ. ಈಥೇನ್ ಮೈನಸ್ 89. ಪ್ರೋಪೇನ್ ಮೈನಸ್ 42. ಬ್ಯೂಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಐದು ಕಾರ್ಬನ್ನಿನ ಪೆಂಟೇನ್ 36 ಡಿಗ್ರಿ, ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಇಟ್ಟರೆ ತಾನಾಗೇ ಕುದಿಯುತ್ತೆ. ಹೆಕ್ಸೇನ್ 69, ಎಂಟು ಕಾರ್ಬನ್ನಿನ ಆಕ್ಟೇನ್ 126. ಈ ಅಣುಗಳ ನಡುವಿನ ಸೆಳೆತ ತೀರಾ ಕಡಿಮೆ. ಅಣು ಉದ್ದ ಆದಷ್ಟೂ ಅದು ಕೂಡುತ್ತಾ ಹೋಗುತ್ತೆ, ಬಿಡಿಸೋಕೆ ಜಾಸ್ತಿ ಕಾವು ಬೇಕಾಗುತ್ತೆ. ಅದಕ್ಕೇ ಒಂದರಿಂದ ನಾಲ್ಕು ಕಾರ್ಬನ್ ಇದ್ದರೆ ಗ್ಯಾಸ್. ಸುಮಾರು 5ರಿಂದ 12 ಇದ್ದರೆ ಪೆಟ್ರೋಲ್. 10ರಿಂದ 16 ಚಿಮಣಿ ಎಣ್ಣೆ. ಡೀಸೆಲ್ ಇನ್ನೂ ಉದ್ದ. 20 ದಾಟಿದ್ರೆ ಮೇಣ, ಗಟ್ಟಿ. ರಸ್ತೆಯ ಡಾಂಬರು ಅದಕ್ಕಿಂತಲೂ ದೊಡ್ಡ ಅಣುಗಳ ರಾಶಿ. ರಿಫೈನರಿಯಲ್ಲಿ ಕಚ್ಚಾ ತೈಲ ಕಾಯಿಸಿ ಬೇರೆ ಮಾಡೋದು ಈ ಫರಕನ್ನೇ ಹಿಡಿದುಕೊಂಡು.

ನಿಮ್ಮ ಸಿಲಿಂಡರಿನಲ್ಲಿ ಇರೋದು ಪ್ರೋಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಪೈಪಿನಲ್ಲಿ ಬರೋದು ಹೆಚ್ಚಿನ ಪಾಲು ಮೀಥೇನ್. ಒಂದೇ ಗಾತ್ರದ, ಅಂದ್ರೆ ಲೀಟರಿಗೆ ಲೀಟರ್ ಗ್ಯಾಸ್ ಉರಿಸಿದರೆ ಮೀಥೇನ್‌ಗಿಂತ ಪ್ರೋಪೇನ್ ಎರಡೂವರೆ ಪಟ್ಟು ಕಾವು ಕೊಡುತ್ತೆ, ಬ್ಯೂಟೇನ್ ಮೂರು ಪಟ್ಟಿಗೂ ಜಾಸ್ತಿ. ಒಂದೊಂದು ಅಣುವಿನಲ್ಲೂ ಉರಿಯೋಕೆ ಅಷ್ಟು ಜಾಸ್ತಿ ಕಾರ್ಬನ್, ಹೈಡ್ರೋಜನ್ ಇವೆ, ಅಷ್ಟೇ. ಹಾಗಾಗಿ ಅದೇ ಉರಿ ಬೇಕಂದ್ರೆ ಮೀಥೇನ್ ಜಾಸ್ತಿ ಹರಿಯಬೇಕು, ಜೆಟ್ಟಿನ ತೂತು ದೊಡ್ಡದಾಗಬೇಕು.

ಶೆಗಡಿ ರಿಪೇರಿ, ಹಳೇ ಹುಬ್ಬಳ್ಳಿ

ಮಾಸ್ತರ್ ಹೇಳಿದ್ದು ಸರಿ ಇದೆ. ಕೈ ಕೆಲಸದ ಮಾತು ನಾನು ಹೇಳ್ತೀನಿ.

ತೂತಿನ ಜೊತೆ ಒತ್ತಡವೂ ಬೇರೆ. ಮನೆ ಸಿಲಿಂಡರ್ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಕೊಡುತ್ತೆ, ಪೈಪ್ ಗ್ಯಾಸ್ ಶೆಗಡಿಗೆ ಬರೋದು 21 ಮಿಲಿಬಾರ್. ಒತ್ತಡ ಕಡಿಮೆ, ಕಾವೂ ಕಡಿಮೆ. ಎರಡನ್ನೂ ತೂತೇ ಸರಿದೂಗಿಸಬೇಕು. ಹಳೇ ಜೆಟ್ ಹಾಗೇ ಬಿಟ್ಟರೆ ಉರಿ ಸಣ್ಣಗೆ ಬರುತ್ತೆ, ಹಾಲು ಕಾಯೋದಕ್ಕೂ ಹೊತ್ತಾಗುತ್ತೆ. ಉಲ್ಟಾ ಮಾಡಿದ್ರೆ ಕೆಲಸ ಕೆಡುತ್ತೆ. ಪೈಪ್ ಗ್ಯಾಸಿನ ಜೆಟ್ ಇರೋ ಶೆಗಡಿಗೆ ಸಿಲಿಂಡರ್ ಜೋಡಿಸಿದರೆ ಉರಿ ಹಳದಿಯಾಗಿ ಎತ್ತರಕ್ಕೆ ಏಳುತ್ತೆ, ಪಾತ್ರೆ ತಳ ಕಪ್ಪಾಗುತ್ತೆ. ಗ್ಯಾಸ್ ಜಾಸ್ತಿ, ಗಾಳಿ ಸಾಲದು. ಮದುವೆ ಮನೆಗೆ, ಊರಿಗೆ ಅಂತ ಶೆಗಡಿ ಎತ್ತಿಕೊಂಡು ಹೋಗೋರು ಇದನ್ನ ನೆನಪಿಡಿ.

ಅಕ್ಕಾರೇ, ಜೆಟ್ ತೂತನ್ನ ಸೂಜಿ ಹಾಕಿ ದೊಡ್ಡದು ಮಾಡೋದು, ಡ್ರಿಲ್ ಹೊಡೆಸೋದು ಯಾವತ್ತೂ ಬೇಡ. ಹಳೇ ಜೆಟ್ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ನೆಲ ಹಿಡಿದು ಮಂಚದ ಕೆಳಗೆ, ಮೋರಿಗೆ ಇಳಿದು ಕೂರುತ್ತೆ. ಪೈಪ್ ಗ್ಯಾಸ್ ಹಗುರ, ಮೇಲೆ ಏರಿ ಸೂರಿನ ಕೆಳಗೆ ಕೂಡುತ್ತೆ. ಎರಡಕ್ಕೂ ಸ್ವಂತ ವಾಸನೆ ಇಲ್ಲ, ಮರ್‌ಕ್ಯಾಪ್ಟನ್ ಅಂತ ಗಬ್ಬು ವಾಸನೆಯ ವಸ್ತು ಬೆರೆಸಿರ್ತಾರೆ. ವಾಸನೆ ಬಂದ್ರೆ ಸ್ವಿಚ್ ಹಾಕಬೇಡಿ, ಆರಿಸಲೂಬೇಡಿ. ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಸಿಲಿಂಡರ್ ಸೋರಿದ್ರೆ 1906ಕ್ಕೆ ಫೋನ್ ಮಾಡಿ.

ಕೇಶ್ವಾಪುರ ಓದುಗ

ಒಂದು ಅನುಮಾನ. ಪೈಪ್ ಗ್ಯಾಸಿಗೆ ಕಾವು ಕಡಿಮೆ ಅಂತ ನಮ್ಮ ಮನೆಯಲ್ಲೂ ಹೇಳ್ತಾರೆ. ಆದ್ರೆ ನಾನು ಓದಿದ ಕಡೆ ಒಂದು ಕೆಜಿಗೆ ಲೆಕ್ಕ ಹಾಕಿದ್ರೆ ಮೀಥೇನೇ ಜಾಸ್ತಿ ಕಾವು ಕೊಡುತ್ತೆ ಅಂತ ಇತ್ತು. ಮಾಸ್ತರ್ ಉಲ್ಟಾ ಹೇಳ್ತಿದ್ದಾರೆ ಅನಿಸಿತು. ಯಾವುದು ನಿಜ?

ನಿವೃತ್ತ ಮಾಸ್ತರ್, ಧಾರವಾಡ

ಎರಡೂ ನಿಜ. ಅಳತೆ ಬೇರೆ. ಒಂದು ಕೆಜಿ ಮೀಥೇನ್ ಸುಮಾರು 55 ಮೆಗಾಜೂಲ್ ಕಾವು ಕೊಡುತ್ತೆ, ಒಂದು ಕೆಜಿ ಪ್ರೋಪೇನ್ ಸುಮಾರು 50. ಮೀಥೇನ್‌ನಲ್ಲಿ ತೂಕದ ಕಾಲು ಭಾಗ ಹೈಡ್ರೋಜನ್ ಇದೆ, ಪ್ರೋಪೇನ್‌ನಲ್ಲಿ ಅಷ್ಟಿಲ್ಲ. ತೂಕಕ್ಕೆ ತೂಕ ನೋಡಿದರೆ ಹೈಡ್ರೋಜನ್ ಕಾರ್ಬನ್‌ಗಿಂತ ತುಂಬಾ ಜಾಸ್ತಿ ಕಾವು ಕೊಡುತ್ತೆ. ಆದ್ರೆ ಜೆಟ್ ತೂಕ ನೋಡಿ ಗ್ಯಾಸ್ ಬಿಡೋದಿಲ್ಲ, ಅದರ ತೂತಿನಲ್ಲಿ ಹಾಯೋದು ಗಾತ್ರದ ಲೆಕ್ಕ. ಪೈಪ್ ಗ್ಯಾಸ್ ಮೀಟರ್ ಘನಮೀಟರ್ ಲೆಕ್ಕದಲ್ಲಿ ಓಡುತ್ತೆ, ಸಿಲಿಂಡರ್ 14.2 ಕೆಜಿ ಅಂತ ತೂಕದಲ್ಲಿ ಬರುತ್ತೆ. ಎರಡರ ಖರ್ಚು ಹೋಲಿಸೋರು ಮೊದಲು ಇದನ್ನ ಒಂದೇ ಅಳತೆಗೆ ತರಬೇಕು.

ಖಾನಾವಳಿ, ಗದಗ

ಮಾಸ್ತರ್ರೇ, ನನ್ನದೂ ಒಂದು ಕೇಳ್ತೀನಿ. ನಮ್ಮದು ರೊಟ್ಟಿ ಊಟದ ಖಾನಾವಳಿ. 19 ಕೆಜಿ ಸಿಲಿಂಡರ್. ಮಧ್ಯಾಹ್ನ ಹನ್ನೆರಡರಿಂದ ಎರಡೂವರೆ ತನಕ ಮೂರು ದೊಡ್ಡ ಬರ್ನರ್ ಬಿಡುವಿಲ್ಲದೆ ಉರೀತವೆ. ಆ ಹೊತ್ತಿಗೆ ಸಿಲಿಂಡರಿನ ಕೆಳಗಿನ ಅರ್ಧ ಬೆವರುತ್ತೆ, ಚಳಿಗಾಲದಲ್ಲಿ ಬಿಳಿ ಹಿಮದ ಪದರೇ ಕಟ್ಟುತ್ತೆ. ಉರಿ ಇಳಿದುಹೋಗುತ್ತೆ. ತೂಕ ಮಾಡಿದ್ರೆ ಒಳಗೆ ಇನ್ನೂ ನಾಲ್ಕೈದು ಕೆಜಿ ಇರುತ್ತೆ. ಹುಡುಗರು ಬಿಸಿನೀರಿನ ಬುಟ್ಟಿಯಲ್ಲಿ ಸಿಲಿಂಡರ್ ನಿಲ್ಲಿಸ್ತಾರೆ. ನನಗೆ ಅದು ಸರಿ ಕಾಣಲ್ಲ. ಯಾಕೆ ಹೀಗಾಗುತ್ತೆ?

ನಿವೃತ್ತ ಮಾಸ್ತರ್, ಧಾರವಾಡ

ಬಿಸಿನೀರು ಇವತ್ತೇ ನಿಲ್ಲಿಸಿ. ಸಿಲಿಂಡರ್ ಕಾದರೆ ಒಳಗಿನ ಒತ್ತಡ ಎಷ್ಟು ಏರುತ್ತೆ ಅನ್ನೋದು ನಿಮ್ಮ ಹತೋಟಿಯಲ್ಲಿ ಇರೋದಿಲ್ಲ.

ಈಗ ಕಾರಣ. ಸಿಲಿಂಡರ್ ಒಳಗೆ ಇರೋದು ದ್ರವ. ಮೇಲ್ಗಡೆ ಸ್ವಲ್ಪ ಜಾಗದಲ್ಲಿ ಮಾತ್ರ ಗ್ಯಾಸ್. ನೀವು ವಾಲ್ವ್ ತೆಗೆದು ಗ್ಯಾಸ್ ಎಳೆದ ಕೂಡಲೇ ಕೆಳಗಿನ ದ್ರವ ಕುದಿದು ಆ ಜಾಗ ತುಂಬುತ್ತೆ. ಕುದಿಯೋಕೆ ಕಾವು ಬೇಕು. ಅದನ್ನ ದ್ರವದಿಂದಲೇ, ಸಿಲಿಂಡರಿನ ಕಬ್ಬಿಣದಿಂದಲೇ, ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತೆ. ಮೂರು ಬರ್ನರ್ ಸೇರಿ ಎಳೆಯುವ ವೇಗಕ್ಕೆ ಗಾಳಿ ಕಾವು ಕೊಡೋದು ಸಾಲೋದಿಲ್ಲ. ಕಬ್ಬಿಣ ತಣ್ಣಗಾಗುತ್ತೆ, ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತೆ, ಇನ್ನೂ ತಣ್ಣಗಾದ್ರೆ ಹಿಮ. ನಿಮ್ಮ ಸಿಲಿಂಡರಿನಲ್ಲಿ ಹಿಮ ಕಟ್ಟಿದ ಗೆರೆ ಎಲ್ಲಿಯವರೆಗೆ ಇದೆಯೋ ದ್ರವ ಹೆಚ್ಚುಕಮ್ಮಿ ಅಲ್ಲಿಯವರೆಗೆ ಇದೆ ಅಂತ ಲೆಕ್ಕ.

ಇದರ ಮೇಲೆ ಇನ್ನೊಂದು ಇದೆ, ಇದೇ ಹೈಡ್ರೋಕಾರ್ಬನ್ ಪಾಠದ್ದು. ಒಳಗಿರೋದು ಎರಡು ವಸ್ತು. ಪ್ರೋಪೇನ್ ಮೈನಸ್ 42ಕ್ಕೆ ಕುದಿಯುತ್ತೆ, ಬ್ಯೂಟೇನ್ ಸೊನ್ನೆಯ ಹತ್ತಿರ. ಮೊದಮೊದಲು ಪ್ರೋಪೇನ್ ಜಾಸ್ತಿ ಹೊರಗೆ ಹೋಗುತ್ತೆ, ಕೊನೆಗೆ ಉಳಿಯೋದರಲ್ಲಿ ಬ್ಯೂಟೇನ್ ಪಾಲು ಏರುತ್ತೆ. ಆ ಹೊತ್ತಿಗೆ ಸಿಲಿಂಡರ್ ಕೂಡ ತಣ್ಣಗಾಗಿರುತ್ತೆ. ಸೊನ್ನೆ ಡಿಗ್ರಿ ಹತ್ತಿರ ಬ್ಯೂಟೇನ್ ಹೆಚ್ಚುಕಡಿಮೆ ಸುಮ್ನೆ ದ್ರವವಾಗಿ ಕೂತುಬಿಡುತ್ತೆ, ಹೊರಗೆ ತಳ್ಳುವ ಒತ್ತಡವೇ ಇರೋದಿಲ್ಲ. ಅದೇ ನಿಮ್ಮ ನಾಲ್ಕೈದು ಕೆಜಿ. ಮಧ್ಯಾಹ್ನದ ಕೆಲಸ ಮುಗಿದು ಸಂಜೆ ತನಕ ಬಿಟ್ಟರೆ ಸಿಲಿಂಡರ್ ಮತ್ತೆ ಗಾಳಿಯ ಕಾವಿಗೆ ಬರುತ್ತೆ, ಆಗ ಚಹಾ ಮಾಡೋಕೆ ಅದೇ ಗ್ಯಾಸ್ ಸಾಕು.

ಶೆಗಡಿ ರಿಪೇರಿ, ಹಳೇ ಹುಬ್ಬಳ್ಳಿ

ಇದಕ್ಕೆ ದಾರಿ ಮ್ಯಾನಿಫೋಲ್ಡ್. ಎರಡು ಮೂರು ಸಿಲಿಂಡರ್ ಒಂದೇ ಪೈಪಿಗೆ ಕೂಡಿಸಿದ್ರೆ ಎಳೆತ ಹಂಚಿಹೋಗುತ್ತೆ, ಯಾವುದೂ ಅಷ್ಟು ತಣ್ಣಗಾಗಲ್ಲ. ಏಜೆನ್ಸಿಯವರ ಕಡೆಯಿಂದಲೇ ಹಾಕಿಸಿ, ಅಡುಗೆಮನೆ ಹೊರಗೆ ನೆರಳಲ್ಲಿ ಜಾಗ ಮಾಡಿ. ಇನ್ನೊಂದು ತಪ್ಪು ಹುಡುಗರು ಮಾಡೋದು ಅಂದ್ರೆ ಗ್ಯಾಸ್ ಇಳಿದಾಗ ಸಿಲಿಂಡರ್ ಮಲಗಿಸೋದು. ಮಲಗಿಸಿದ್ರೆ ವಾಲ್ವಿನಲ್ಲಿ ದ್ರವವೇ ಬರುತ್ತೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸ್ ಆಗುತ್ತೆ. ಬರ್ನರ್ ಹತ್ತಿರ ಅದು ಹಾಗೆ ಹಿಗ್ಗಿದ್ರೆ ಏನಾಗುತ್ತೆ ನೀವೇ ಯೋಚಿಸಿ.

ಹೊಲಮನೆ, ಹಾವೇರಿ

ನಮ್ಮ ಹಿತ್ತಲಲ್ಲಿ ಗೋಬರ್ ಗ್ಯಾಸ್ ಇದೆ. ನಾಲ್ಕು ದನ, ದಿನಾ ಸಗಣಿ ಕಲಸಿ ಬಿಡ್ತೀವಿ. ಎರಡು ಹೊತ್ತಿನ ಅಡುಗೆ ಆಗಿ ಇನ್ನೂ ಉಳಿಯುತ್ತೆ. ಅದೂ ಮೀಥೇನ್ ಅಂತಾರೆ. ಉಳಿದಿದ್ದನ್ನ ಖಾಲಿ ಸಿಲಿಂಡರಿಗೆ ತುಂಬಿ ಇಡೋಕಾಗಲ್ವಾ? ಪಂಪ್ ಹಚ್ಚಿ ತುಂಬಬಹುದು ಅಂತ ಒಬ್ಬರು ಹೇಳಿದರು.

ನಿವೃತ್ತ ಮಾಸ್ತರ್, ಧಾರವಾಡ

ದಯವಿಟ್ಟು ಪಂಪ್ ಹಚ್ಚಬೇಡಿ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಹೆಚ್ಚುಕಡಿಮೆ ನೂರಕ್ಕೆ 55ರಿಂದ 65 ಪಾಲು, ಉಳಿದಿದ್ದು ಹೆಚ್ಚಿನಂಶ ಕಾರ್ಬನ್ ಡೈಆಕ್ಸೈಡ್, ಅದು ಉರಿಯೋದಿಲ್ಲ. ಜೊತೆಗೆ ಸ್ವಲ್ಪ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯದು, ತೇವದ ಜೊತೆ ಸೇರಿ ಕಬ್ಬಿಣ ತಿನ್ನುತ್ತೆ.

ಅದೆಲ್ಲಾ ತೆಗೆದು ಶುದ್ಧ ಮೀಥೇನ್ ಮಾಡಿದ್ರೂ ಮನೆ ಸಿಲಿಂಡರಿನಲ್ಲಿ ಅದು ದ್ರವ ಆಗೋದಿಲ್ಲ. ಪ್ರತಿ ಗ್ಯಾಸಿಗೂ ಒಂದು ಉಷ್ಣತೆ ಇದೆ. ಅದಕ್ಕಿಂತ ಬಿಸಿಯಾಗಿದ್ದರೆ ಎಷ್ಟೇ ಒತ್ತಿದರೂ ದ್ರವ ಆಗಲ್ಲ. ಪ್ರೋಪೇನ್‌ಗೆ ಅದು ಸುಮಾರು 97 ಡಿಗ್ರಿ, ಬ್ಯೂಟೇನ್‌ಗೆ 152. ಹಾವೇರಿಯ ಬಿಸಿಲು ಅದಕ್ಕಿಂತ ಎಷ್ಟೋ ಕೆಳಗೆ, ಅದಕ್ಕೇ ಸಾಧಾರಣ ಒತ್ತಡಕ್ಕೆ ದ್ರವವಾಗಿ ನಿಲ್ಲುತ್ತವೆ. ಮೀಥೇನ್‌ಗೆ ಅದು ಮೈನಸ್ 82 ಡಿಗ್ರಿ. ಸಿಎನ್‌ಜಿ ಗಾಡಿಗಳಲ್ಲಿ ಮೀಥೇನನ್ನ ಗ್ಯಾಸ್ ಆಗಿಯೇ 200 ಬಾರ್ ಒತ್ತಡದಲ್ಲಿ ತುಂಬ್ತಾರೆ, ಅದಕ್ಕೇ ಆ ಸಿಲಿಂಡರ್ ಅಷ್ಟು ದಪ್ಪ, ಅಷ್ಟು ಭಾರ. ಮನೆ ಸಿಲಿಂಡರ್ ಆ ಒತ್ತಡ ತಾಳಲ್ಲ. ದೂರಕ್ಕೆ ಸಾಗಿಸೋಕೆ ಪೈಪೇ ಸುಲಭ. ದಾಭೋಳದಿಂದ ಬೆಂಗಳೂರಿಗೆ ಹೋಗುವ ಗ್ಯಾಸ್ ಪೈಪ್‌ಲೈನ್ ಬೆಳಗಾವಿ, ಧಾರವಾಡ, ಗದಗ ಕಡೆಯಿಂದಲೇ ಹಾದುಹೋಗುತ್ತೆ, 2013ರಲ್ಲಿ ಶುರುವಾಯಿತು.

ನಿಮ್ಮಲ್ಲಿ ಉಳಿಯುವ ಗ್ಯಾಸಿಗೆ ಒಳ್ಳೆ ದಾರಿ ಪಕ್ಕದ ಮನೆಗೆ ಒಂದು ಪೈಪ್ ಎಳೆಯೋದು.

ಪಿಯು ಹುಡುಗ, ಗದಗ

ಸರ್, ನನಗೆ ಒಂದು ಗೊಂದಲ. ಚಿಮಣಿ ಎಣ್ಣೆ ಉರಿಯುತ್ತೆ, ಕರ್ಪೂರ ಉರಿಯುತ್ತೆ, ಸ್ಪಿರಿಟ್ ಉರಿಯುತ್ತೆ, ಶೇಂಗಾ ಎಣ್ಣೆ ದೀಪದಲ್ಲಿ ಉರಿಯುತ್ತೆ. ಎಲ್ಲದರಲ್ಲೂ ಕಾರ್ಬನ್ ಇದೆ, ಹೈಡ್ರೋಜನ್ ಇದೆ. ಹಾಗಾದ್ರೆ ಎಲ್ಲಾ ಹೈಡ್ರೋಕಾರ್ಬನ್ ಅಲ್ವಾ? ನಮ್ಮ ಟೆಸ್ಟಿನಲ್ಲಿ ಇಂಥದ್ದೇ ಕೇಳಿದ್ರು.

ನಿವೃತ್ತ ಮಾಸ್ತರ್, ಧಾರವಾಡ

ಉರಿಯೋದು ಪರೀಕ್ಷೆ ಅಲ್ಲಪ್ಪಾ. ಮೂರನೆಯದು ಇದೆಯಾ ಅಂತ ನೋಡು. ಬಟ್ಟೆ ಕಪಾಟಿನಲ್ಲಿ ಹಾಕುವ ಡಾಂಬರ್ ಗುಳಿಗೆ ಮತ್ತು ದೇವರ ಮುಂದೆ ಹಚ್ಚುವ ಕರ್ಪೂರ ತಗೋ. ಎರಡೂ ಬಿಳಿ, ಎರಡೂ ಇಟ್ಟಲ್ಲೇ ಕರಗಿಹೋಗುತ್ತವೆ, ಎರಡರಲ್ಲೂ ಹತ್ತು ಕಾರ್ಬನ್. ಗುಳಿಗೆಯ ನ್ಯಾಫ್ತಲೀನ್‌ನಲ್ಲಿ ಹತ್ತು ಕಾರ್ಬನ್, ಎಂಟು ಹೈಡ್ರೋಜನ್, ಮುಗೀತು. ಅದು ಹೈಡ್ರೋಕಾರ್ಬನ್. ಕರ್ಪೂರದಲ್ಲಿ ಹತ್ತು ಕಾರ್ಬನ್, ಹದಿನಾರು ಹೈಡ್ರೋಜನ್, ಮತ್ತೆ ಒಂದು ಆಕ್ಸಿಜನ್. ಆ ಒಂದರಿಂದ ಅದು ಹೊರಗೆ.

ಗುಳಿಗೆ ಮಾತು ಬಂತು ಅಂತ ಒಂದು ಹೇಳ್ತೀನಿ. ಎಳೆ ಕೂಸಿನ ಬಟ್ಟೆಯಲ್ಲಿ ಅದನ್ನ ಇಡಬೇಡಿ. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಆ ಗುಳಿಗೆಯ ಆವಿಯಿಂದ ರಕ್ತದ ಕೆಂಪುಕಣ ಒಡೆಯುತ್ತವೆ.

ಸ್ಪಿರಿಟ್ ಅಂದ್ರೆ ಆಲ್ಕೋಹಾಲ್, ಅದರಲ್ಲೂ ಆಕ್ಸಿಜನ್ ಇದೆ. ಅದು ನೀರಿನಲ್ಲಿ ಬೆರೆಯುತ್ತೆ, ಪೆಟ್ರೋಲ್ ಬೆರೆಯಲ್ಲ. ಈಗ ಬಂಕಿನಲ್ಲಿ ಹಾಕುವ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್, ಅಂದ್ರೆ ಇದೇ ಆಲ್ಕೋಹಾಲ್. ಹಾಗಾಗಿ ಬಂಕಿನ ಪೆಟ್ರೋಲ್ ಪೂರ್ತಿ ಹೈಡ್ರೋಕಾರ್ಬನ್ ಅಲ್ಲ. ಟ್ಯಾಂಕಿಗೆ ನೀರು ಸೇರಿದ್ರೆ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಹೋಗಿ ತಳದಲ್ಲಿ ಕೂರುತ್ತೆ.

ಶೇಂಗಾ ಎಣ್ಣೆಯ ಪ್ರಶ್ನೆ ಮೊದಲೇ ಬಂದಿತ್ತು. ಅದರ ಅಣುವಿನಲ್ಲಿ ಮೂರು ಉದ್ದ ಬಾಲಗಳಿವೆ, ಹೆಚ್ಚಿನವು 18 ಕಾರ್ಬನ್ನಿನವು. ಬಾಲ ಮಾತ್ರ ನೋಡಿದ್ರೆ ಹೈಡ್ರೋಕಾರ್ಬನ್ನೇ, ಅದಕ್ಕೇ ಎಣ್ಣೆ ನೀರಿಗೆ ಸೇರಲ್ಲ. ಆದ್ರೆ ಬಾಲಗಳು ಕೂಡುವ ಕಡೆ ಒಟ್ಟು ಆರು ಆಕ್ಸಿಜನ್ ಇವೆ. ನಮ್ಮ ಹೊಟ್ಟೆ ಎಣ್ಣೆಯನ್ನ ಒಡೆಯೋದು ಆ ಜಾಗದಲ್ಲೇ. ಚಿಮಣಿ ಎಣ್ಣೆಯಲ್ಲಿ ಅಂಥ ಜಾಗ ಇಲ್ಲ. ಮಕ್ಕಳು ಅಪ್ಪಿತಪ್ಪಿ ಚಿಮಣಿ ಎಣ್ಣೆ ಕುಡಿದ್ರೆ ವಾಂತಿ ಮಾಡಿಸಬಾರದು, ಪುಪ್ಪುಸಕ್ಕೆ ಇಳಿದು ಜಾಸ್ತಿ ಅಪಾಯ. ನೇರ ಆಸ್ಪತ್ರೆಗೆ ಹೋಗಬೇಕು.

ಬ್ಯಾಡಗಿ ದಲಾಲಿ ಅಂಗಡಿ

ನಮ್ಮ ಮೆಣಸಿನಕಾಯಿಯ ಬಣ್ಣ ತೆಗೆಯೋ ಫ್ಯಾಕ್ಟರಿಗಳಲ್ಲಿ ಹೆಕ್ಸೇನ್ ಅಂತ ಬಳಸ್ತಾರೆ. ಅದೂ ಇದೇ ಸಾಲಿನದಾ? ನೀರಿನಲ್ಲಿ ನೆನೆಸಿ ಬಣ್ಣ ತೆಗೆಯೋಕೆ ಯಾಕೆ ಬರಲ್ಲ?

ನಿವೃತ್ತ ಮಾಸ್ತರ್, ಧಾರವಾಡ

ಅದೇ ಸಾಲು, ಆರು ಕಾರ್ಬನ್, ಹದಿನಾಲ್ಕು ಹೈಡ್ರೋಜನ್. ಬ್ಯಾಡಗಿ ಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್. ಅದರಲ್ಲಿ ಒಟ್ಟು 40 ಕಾರ್ಬನ್, ನಡುವೆ ಉದ್ದ ಸರಪಳಿ ಇದೆ, ನೀರು ಅದನ್ನ ಮುಟ್ಟಲ್ಲ, ಹೆಕ್ಸೇನ್ ಕರಗಿಸಿಕೊಳ್ಳುತ್ತೆ. ಮನೆಯಲ್ಲೂ ನೋಡಿರ್ತೀರಿ, ಖಾರದ ಪುಡಿ ನೀರಿಗೆ ಹಾಕಿದ್ರೆ ಬಣ್ಣ ಪುಡಿಯಲ್ಲೇ ಉಳಿಯುತ್ತೆ, ಒಗ್ಗರಣೆ ಎಣ್ಣೆಗೆ ಹಾಕಿದ ಕೂಡಲೇ ಎಣ್ಣೆ ಕೆಂಪಾಗುತ್ತೆ. ಹೆಕ್ಸೇನ್ 69 ಡಿಗ್ರಿಗೇ ಕುದಿಯೋದರಿಂದ ಬಣ್ಣ ಸುಡದಂತೆ ಅದನ್ನ ಆವಿ ಮಾಡಿ ವಾಪಸ್ ಹಿಡಿಯಬಹುದು.

ನನಗೆ ಬಹಳ ಇಷ್ಟದ ಸಂಗತಿ ಒಂದಿದೆ. ಕ್ಯಾಪ್ಸಾಂಥಿನ್‌ನಲ್ಲಿ 40 ಕಾರ್ಬನ್, 56 ಹೈಡ್ರೋಜನ್, ಮೂರು ಆಕ್ಸಿಜನ್. ಟೊಮೆಟೊ, ಕಲ್ಲಂಗಡಿಯ ಕೆಂಪು ಲೈಕೋಪೀನ್‌ನದು. ಅದರಲ್ಲೂ 40 ಕಾರ್ಬನ್, 56 ಹೈಡ್ರೋಜನ್, ಆಕ್ಸಿಜನ್ ಮಾತ್ರ ಇಲ್ಲ. ಅಂದ್ರೆ ಟೊಮೆಟೊ ಕೆಂಪು ಹೈಡ್ರೋಕಾರ್ಬನ್, ಬ್ಯಾಡಗಿ ಕೆಂಪು ಅಲ್ಲ.

ಕಲಕೇರಿ ತೋಟ, ಧಾರವಾಡ

ನಮ್ಮದು ಆಪೂಸ್ ಮಾವು. ಇಲ್ಲಿ ಇಷ್ಟು ಮಾತಾಡಿ ಹಣ್ಣು ಮಾಗಿಸುವ ಗ್ಯಾಸ್ ಬಗ್ಗೆ ಯಾರೂ ಎತ್ತಲಿಲ್ಲ. ಕಾರ್ಬೈಡ್ ಗ್ಯಾಸೂ ಹೈಡ್ರೋಕಾರ್ಬನ್, ಎಥಿಲೀನೂ ಹೈಡ್ರೋಕಾರ್ಬನ್ ಅಂತ ತರಬೇತಿಯಲ್ಲಿ ಹೇಳಿದರು. ಒಂದನ್ನ ಕಾನೂನು ಬಿಡುತ್ತೆ, ಇನ್ನೊಂದನ್ನ ಬಿಡಲ್ಲ. ಪೇಟೆಯಲ್ಲಿ ಇನ್ನೂ ಕಾಯಿ ಬುಟ್ಟಿಯಲ್ಲಿ ಕಾರ್ಬೈಡಿನ ಕಾಗದದ ಪೊಟ್ಟಣ ಕಾಣುತ್ತೆ. ಆ ಹಣ್ಣು ಮೇಲೆ ಹಳದಿ, ಒಳಗೆ ಹುಳಿ. ತೋಟದಲ್ಲಿ ಸರಿಯಾಗಿ ಬಲಿತ ಕಾಯಿ ಕೊಟ್ಟೂ ಹೆಸರು ಕೆಡೋದು ನಮ್ಮದು. ಬಹಳ ಸಂಕಟ ಆಗುತ್ತೆ.

ನಿವೃತ್ತ ಮಾಸ್ತರ್, ಧಾರವಾಡ

ನೀವು ಬರೆದಿದ್ದು ಒಳ್ಳೇದಾಯ್ತು. ಜೋಡಣೆಯ ಫರಕು ಇಲ್ಲಿ ಬರುತ್ತೆ. ನೀವು ಹೇಳಿದ ಕಾರ್ಬೈಡ್ ಗ್ಯಾಸಿನ ಹೆಸರು ಅಸಿಟಿಲೀನ್. ಈಥೇನ್, ಎಥಿಲೀನ್, ಅಸಿಟಿಲೀನ್ ಮೂರರಲ್ಲೂ ಎರಡೆರಡೇ ಕಾರ್ಬನ್. ಈಥೇನ್‌ನಲ್ಲಿ ಅವುಗಳ ನಡುವೆ ಏಕಬಂಧ, ಅಂದ್ರೆ ಒಂದೊಂದೇ ಕೈ ಹಿಡಿದಿವೆ, ಆರು ಹೈಡ್ರೋಜನ್. ಎಥಿಲೀನ್‌ನಲ್ಲಿ ದ್ವಿಬಂಧ, ನಾಲ್ಕು ಹೈಡ್ರೋಜನ್. ಅಸಿಟಿಲೀನ್‌ನಲ್ಲಿ ತ್ರಿಬಂಧ, ಎರಡೇ ಹೈಡ್ರೋಜನ್. ಬಂಧ ಹೆಚ್ಚಿದಂತೆ ಕಾರ್ಬನ್‌ಗಳು ಹತ್ತಿರ ಬರುತ್ತವೆ: 154, 134, 120 ಪಿಕೋಮೀಟರ್. ಏಕಬಂಧ ಮಾತ್ರ ಇರೋದು ಪರ್ಯಾಪ್ತ, ಉಳಿದವು ಅಪರ್ಯಾಪ್ತ. ಅಪರ್ಯಾಪ್ತವು ಬೇರೆಯವರನ್ನ ಸೇರಿಸಿಕೊಳ್ಳೋಕೆ ತಯಾರಿರುತ್ತವೆ, ಬ್ರೋಮಿನ್ ನೀರಿನ ಕಂದು ಬಣ್ಣ ಹೋಗೋದು ಅದಕ್ಕೇ.

ಮಾವಿನಕಾಯಿ ಬಲಿತ ಮೇಲೆ ತಾನೇ ಎಥಿಲೀನ್ ಹುಟ್ಟಿಸಿಕೊಳ್ಳುತ್ತೆ. ಹುಲ್ಲಿನಲ್ಲಿ ಅಡೆ ಹಾಕಿದಾಗ ಆ ಗ್ಯಾಸ್ ಅಲ್ಲೇ ನಿಂತು ಉಳಿದ ಕಾಯಿಗಳನ್ನೂ ಮಾಗಿಸುತ್ತೆ. ಅಸಿಟಿಲೀನ್ ಅದರ ಹಾಗೇ ಕೆಲಸ ಮಾಡುತ್ತೆ, ಆದ್ರೆ ಬಹಳ ದುರ್ಬಲವಾಗಿ. ತೊಂದರೆ ದೊಡ್ಡದಾಗಿ ಇರೋದು ಕಾರ್ಬೈಡ್ ಕಲ್ಲಿನಲ್ಲಿ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಸೇರಿರುತ್ತೆ, ತೇವ ತಾಗಿದ್ರೆ ಅವುಗಳ ವಿಷ ಗ್ಯಾಸೂ ಹೊರಡುತ್ತೆ. ಆ ಬೆಳ್ಳುಳ್ಳಿಯಂಥ ವಾಸನೆ ಅಸಿಟಿಲೀನ್‌ನದಲ್ಲ, ಈ ಕಲಬೆರಕೆಯದು. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮದಲ್ಲಿ ಕಾರ್ಬೈಡ್‌ನಿಂದ ಹಣ್ಣು ಮಾಗಿಸೋದು ನಿಷೇಧ. ಎಥಿಲೀನ್ ಗ್ಯಾಸನ್ನ 100 ಪಿಪಿಎಂವರೆಗೆ ಬಳಸೋಕೆ ಒಪ್ಪಿಗೆ ಇದೆ. 100 ಪಿಪಿಎಂ ಅಂದ್ರೆ ಹತ್ತು ಸಾವಿರ ಪಾಲು ಗಾಳಿಗೆ ಒಂದೇ ಪಾಲು ಗ್ಯಾಸ್. ಅಷ್ಟಕ್ಕೇ ಕೋಣೆ ತುಂಬಾ ಕಾಯಿ ಮಾಗುತ್ತೆ.

ಗೋಕುಲ ರೋಡ್ ವೆಲ್ಡರ್, ಹುಬ್ಬಳ್ಳಿ

ಅಸಿಟಿಲೀನ್ ನಮ್ಮ ದಿನದ ಅನ್ನ. ಆಕ್ಸಿಜನ್ ಜೊತೆ ಉರಿಸಿದ್ರೆ 3000 ಡಿಗ್ರಿ ದಾಟುತ್ತೆ, ಕಬ್ಬಿಣ ನೀರಾಗುತ್ತೆ. ಆ ಮರೂನ್ ಸಿಲಿಂಡರ್ ಒಳಗೆ ಬರೀ ಗ್ಯಾಸ್ ಇರಲ್ಲ. ಸಣ್ಣ ಸಣ್ಣ ರಂಧ್ರದ ಗಟ್ಟಿ ವಸ್ತು ತುಂಬಿ, ಅದಕ್ಕೆ ಅಸಿಟೋನ್ ಹೀರಿಸಿ, ಅದರಲ್ಲಿ ಗ್ಯಾಸ್ ಕರಗಿಸಿರ್ತಾರೆ. ಬರೀ ಗ್ಯಾಸನ್ನ ಒತ್ತಿ ತುಂಬಿದ್ರೆ ಗಾಳಿ ಇಲ್ಲದೆಯೂ ತಾನೇ ಒಡೆದು ಸಿಡಿಯುತ್ತೆ. ರೆಗ್ಯುಲೇಟರಿನಲ್ಲಿ ಒಂದು ಕೆಜಿ (ಸುಮಾರು ಒಂದು ಬಾರ್) ಒತ್ತಡ ಮೀರಬಾರದು, ಸಿಲಿಂಡರ್ ಯಾವಾಗಲೂ ನಿಲ್ಲಿಸಿಯೇ ಇಡಬೇಕು, ತಾಮ್ರದ ಪೈಪ್ ಹಾಕಬಾರದು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಮೊದಲ ದಿನವೇ ಕಲಿಸೋದು ಇದು. ಆಕ್ಸಿಜನ್ ಬಿಡದೆ ಹಚ್ಚಿದ್ರೆ ಕಪ್ಪು ಮಸಿ ಹಾರುತ್ತೆ, ಅದು ಯಾಕೆ ಅಂತ ಮಾಸ್ತರ್ ಹೇಳ್ತಾರಾ?

ನಿವೃತ್ತ ಮಾಸ್ತರ್, ಧಾರವಾಡ

ಅಸಿಟಿಲೀನ್‌ನಲ್ಲಿ ಒಂದು ಕಾರ್ಬನ್‌ಗೆ ಒಂದೇ ಹೈಡ್ರೋಜನ್. ತೂಕದಲ್ಲಿ ನೂರಕ್ಕೆ ಹತ್ತಿರಹತ್ತಿರ 92 ಪಾಲು ಕಾರ್ಬನ್. ಸುತ್ತಲ ಗಾಳಿ ಅಷ್ಟು ಬೇಗ ಅಷ್ಟು ಕಾರ್ಬನ್ ಸುಡೋಕೆ ಸಾಲದು, ಉಳಿದಿದ್ದು ಮಸಿಯಾಗಿ ಹಾರುತ್ತೆ. ಬೆಂಜೀನ್‌ನಲ್ಲೂ ಇದೇ ಪ್ರಮಾಣ, ಆರು ಕಾರ್ಬನ್‌ಗೆ ಆರು ಹೈಡ್ರೋಜನ್. ಅದೂ ಮಸಿ ಕಕ್ಕುತ್ತಾ ಉರಿಯುತ್ತೆ.

ಪಿಯು ಹುಡುಗ, ಗದಗ

ಹಾಗಾದ್ರೆ ಬೆಂಜೀನ್‌ನಲ್ಲಿ ಮೂರು ದ್ವಿಬಂಧ ಇದ್ದೂ ಬ್ರೋಮಿನ್ ನೀರಿನ ಬಣ್ಣ ಯಾಕೆ ಹೋಗಲ್ಲ ಸರ್? ಮತ್ತೆ ಸಮಾಂಗಿಗಳು, ಅಂದ್ರೆ ಒಂದೇ ಸೂತ್ರ ಇದ್ದು ಜೋಡಣೆ ಬೇರೆ ಇರೋವು, ಎಷ್ಟು ಅಂತ ನೆನಪಿಡೋದು ಹೇಗೆ?

ನಿವೃತ್ತ ಮಾಸ್ತರ್, ಧಾರವಾಡ

ಬೆಂಜೀನ್ ಕಂಡುಹಿಡಿದಿದ್ದು ಮೈಕೇಲ್ ಫ್ಯಾರಡೆ, 1825ರಲ್ಲಿ. ಆರು ಕಾರ್ಬನ್ ಉಂಗುರವಾಗಿವೆ ಅಂತ ಕೆಕುಲೆ ಹೇಳಿದ್ದು 1865ರಲ್ಲಿ. ನಡುವೆ 40 ವರ್ಷ ಆ ಜೋಡಣೆ ಯಾರಿಗೂ ಬಿಡಿಸಲಾಗಲಿಲ್ಲ, ನಿನಗೆ ಒಂದು ವಾರ ಗೊಂದಲ ಆದ್ರೆ ಚಿಂತೆ ಬೇಡ. ಚಿತ್ರದಲ್ಲಿ ಒಂದು ಏಕಬಂಧ, ಒಂದು ದ್ವಿಬಂಧ ಅಂತ ಬರೀತೀವಿ. ಅಳೆದು ನೋಡಿದ್ರೆ ಆರೂ ಬಂಧ ಒಂದೇ ಉದ್ದ, 139 ಪಿಕೋಮೀಟರ್. 154ಕ್ಕೂ 134ಕ್ಕೂ ನಡುವೆ. ಆ ಎಲೆಕ್ಟ್ರಾನ್‌ಗಳು ಉಂಗುರದ ತುಂಬಾ ಹಂಚಿಹೋಗಿ ಅಣುವನ್ನ ಭದ್ರ ಮಾಡಿವೆ. ಬ್ರೋಮಿನ್ ಸೇರಿಸಿಕೊಂಡರೆ ಆ ಭದ್ರತೆ ಹೋಗುತ್ತೆ.

ಸಮಾಂಗಿ ಎಣಿಕೆ ನೆನಪಿಡಬೇಡ, ಬರೆದು ನೋಡು. ಪೆಂಟೇನ್‌ಗೆ ಮೂರು. ನೆಟ್ಟಗಿರೋದು 36 ಡಿಗ್ರಿಗೆ ಕುದಿಯುತ್ತೆ, ಒಂದು ಕವಲಿರೋದು 28ಕ್ಕೆ, ಎರಡು ಕವಲಿರೋದು ಒಂಬತ್ತೂವರೆಗೆ. ಅದೇ ಐದು ಕಾರ್ಬನ್, ಅದೇ ಹನ್ನೆರಡು ಹೈಡ್ರೋಜನ್. ಅಣು ಉಂಡೆಯಾದಷ್ಟೂ ಪಕ್ಕದ ಅಣುವಿಗೆ ತಾಗುವ ಮೈ ಕಡಿಮೆ. ಹತ್ತು ಕಾರ್ಬನ್‌ಗೆ ಬಂದರೆ 75 ಸಮಾಂಗಿ ಆಗುತ್ತವೆ.

ನವನಗರದ ಅಮ್ಮ, ಹುಬ್ಬಳ್ಳಿ

ಎಲ್ಲರಿಗೂ ಮನಸಾರೆ ಧನ್ಯವಾದ. ಮಗಳು ಬೆಳಗ್ಗೆಯಿಂದ ಪೆಂಟೇನ್ ಚಿತ್ರ ಬರೀತಿದ್ದಾಳೆ. ಅವಳದೇ ಇನ್ನೊಂದು ಪ್ರಶ್ನೆ ಕೇಳಿಬಿಡ್ತೀನಿ. ತಣ್ಣೀರಿನ ಪಾತ್ರೆ ಶೆಗಡಿ ಮೇಲಿಟ್ಟ ಕೂಡಲೇ ಹೊರಗಿನ ತಳ ಒದ್ದೆ ಆಗುತ್ತೆ, ಸ್ವಲ್ಪ ಹೊತ್ತಿಗೆ ಒಣಗುತ್ತೆ. ಪಾತ್ರೆ ಸೋರಲ್ಲ. ಆ ನೀರು ಎಲ್ಲಿಯದು? ಮತ್ತೆ ನಮ್ಮ ಮನೆಯವರು ಬಾತ್‌ರೂಮಿಗೆ ಗ್ಯಾಸ್ ಗೀಸರ್ ಹಾಕಿಸೋಣ ಅಂತಿದ್ದಾರೆ. ಇದೇ ಪೈಪಿಗೆ ಜೋಡಿಸಬಹುದಾ?

ನಿವೃತ್ತ ಮಾಸ್ತರ್, ಧಾರವಾಡ

ಆ ನೀರು ಉರಿಯಿಂದಲೇ ಬಂದಿದ್ದು. ಹೈಡ್ರೋಕಾರ್ಬನ್ ಪೂರ್ತಿ ಉರಿದ್ರೆ ಕಾರ್ಬನ್ ಹೋಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತೆ, ಹೈಡ್ರೋಜನ್ ಹೋಗಿ ನೀರಿನ ಆವಿ ಆಗುತ್ತೆ. ಬೇರೆ ಏನೂ ಆಗೋಕೆ ಸಾಧ್ಯವಿಲ್ಲ, ಒಳಗೆ ಬೇರೆ ಏನೂ ಇಲ್ಲವಲ್ಲ. ಆ ಆವಿ ತಣ್ಣನೆ ತಳಕ್ಕೆ ತಾಗಿ ಹನಿಯಾಗುತ್ತೆ. ಮಗಳು ಲೆಕ್ಕ ಮಾಡಲಿ: 14.2 ಕೆಜಿಯ ಒಂದು ಸಿಲಿಂಡರ್ ಪೂರ್ತಿ ಉರಿದ್ರೆ ಸುಮಾರು 22 ಕೆಜಿ ನೀರು, 43 ಕೆಜಿ ಕಾರ್ಬನ್ ಡೈಆಕ್ಸೈಡ್. ಜಾಸ್ತಿಯಾದ ತೂಕವೆಲ್ಲಾ ಗಾಳಿಯ ಆಕ್ಸಿಜನ್‌ನದು. ಒಂದು ಸಿಲಿಂಡರಿಗೆ 50 ಕೆಜಿಗೂ ಮೇಲೆ ಆಕ್ಸಿಜನ್ ಬೇಕು.

ಗೀಸರ್ ವಿಷಯಕ್ಕೆ ಈ ಲೆಕ್ಕವೇ ಮುಖ್ಯ. ಬಾಗಿಲು ಹಾಕಿದ ಸಣ್ಣ ಬಾತ್‌ರೂಮಿನಲ್ಲಿ ಗೀಸರ್ ಉರಿದ್ರೆ ಆಕ್ಸಿಜನ್ ಬೇಗ ಇಳಿಯುತ್ತೆ. ಆಗ ಕಾರ್ಬನ್ ಅರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟುತ್ತೆ. ತಲೆ ಸುತ್ತು ಬಂದು ಚಿಲಕ ತೆಗೆಯೋಕೂ ಆಗದೆ ಜನ ಒಳಗೇ ಬೀಳ್ತಾರೆ.

ಶೆಗಡಿ ರಿಪೇರಿ, ಹಳೇ ಹುಬ್ಬಳ್ಳಿ

ಅಕ್ಕಾರೇ, ಗೀಸರ್ ಬಾತ್‌ರೂಮ್ ಒಳಗೆ ಬೇಡವೇ ಬೇಡ. ಹೊರಗಿನ ಗೋಡೆಗೆ, ಗಾಳಿ ಆಡುವ ಕಡೆ ಹಾಕಿಸಿ, ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ. ಎಲ್‌ಪಿಜಿ ಅಂತ ಬರೆದಿರೋ ಗೀಸರನ್ನ ಪೈಪ್ ಗ್ಯಾಸಿಗೆ ಜೋಡಿಸಬೇಡಿ. ಕೊಳ್ಳುವಾಗಲೇ ಪೈಪ್ ಗ್ಯಾಸ್ ಮಾಡೆಲ್ ಕೇಳಿ. ಕನೆಕ್ಷನ್ ಕೊಟ್ಟ ಕಂಪನಿಯವರಿಗೆ ಮೊದಲೇ ಹೇಳಿ, ಆ ಲೈನಿಗೆ ಅವರೇ ಬೇರೆ ವಾಲ್ವ್ ಹಾಕಿಕೊಡಬೇಕು. ನಡುವೆ ಯಾರೋ ಪೈಪ್ ಕತ್ತರಿಸಿ ಜೋಡಿಸೋದು ಆಗಬಾರದು.